ಶ್ರೀರಾಮುಲು ಫಸ್ಟ್ ಬಂದದ್ದು

ಹಿಂದೂಪುರದ ನಮ್ಮ ಬೀದಿಯಲ್ಲಿ ಶ್ರೀರಾಮುಲು ಹೆಂಡತಿಯನ್ನು ಕರೆದುಕೊಂಡು ಎಲ್ಲಿಗಾದರೂ ಹೊರಟರೆ ಮೊದಲು ಶ್ರೀರಾಮುಲು ಕಾಣಿಸುತ್ತಾರೆ. ಆಮೇಲೆ ಒಂದು ಸೊಪ್ಪಿನ ಗಾಡಿ ಹೋಗುತ್ತದೆ, ಒಂದು ಆಟೋ ಹೋಗುತ್ತದೆ, ಯಾರದೋ ಎಮ್ಮೆ ನಿಧಾನವಾಗಿ ದಾಟುತ್ತದೆ. ಅದಾದ ಮೇಲೆ ಆದಿಲಕ್ಷ್ಮಮ್ಮ ಬರುತ್ತಾರೆ. ಇಬ್ಬರಿಗೂ ಜಗಳವಿದೆ ಅಂತ ಯಾರೂ ತಿಳಿಯಬಾರದು. ಇಬ್ಬರೂ ಮಾತಾಡಿಕೊಂಡೇ ಹೋಗುತ್ತಿರುತ್ತಾರೆ. ಅವರು ಮುಂದಕ್ಕೆ ಮುಖ ಮಾಡಿಕೊಂಡು ಮಾತಾಡುತ್ತಾರೆ, ಈಕೆ ಹಿಂದಿನಿಂದ ಹೂಂಗುಟ್ಟುತ್ತಾರೆ. ಆ ಹೂಂ ಅವರ ಕಿವಿಗೆ ತಲುಪುತ್ತದೋ ಇಲ್ಲವೋ ದೇವರಿಗೇ ಗೊತ್ತು. ತಿರುಗಿ ನೋಡುವ ಪದ್ಧತಿ ಅವರ ವಂಶದಲ್ಲೇ ಇಲ್ಲ.

ಅವರದು ನೇಕಾರರ ಮನೆ. ಹಿಂದಿನ ಕೋಣೆಯಲ್ಲಿ ಎರಡು ಮಗ್ಗ, ಮುಂದಿನ ಕೋಣೆಯಲ್ಲಿ ಸೀರೆ ವ್ಯಾಪಾರ. ಮಗ್ಗಕ್ಕೆ ಒಂದು ಸಲ ಉದ್ದ ನೂಲಿನ ಹಾಸು ಏರಿಸಿದರೆ ಅದರಲ್ಲಿ ನಾಲ್ಕಾರು ಸೀರೆ ಇಳಿಯುತ್ತವೆ. ಎಲ್ಲದಕ್ಕೂ ಒಡಲು ಒಂದೇ ಬಣ್ಣ, ಅಂಚು ಒಂದೇ. ತಮ್ಮ ಮಗ್ಗದ ಹಾಸನ್ನು ಬಜಾರಿನ ಆ ತುದಿಯಲ್ಲಿ ಕಂಡರೂ ಗುರುತಿಸುತ್ತೇನೆ ಅನ್ನುವುದು ಶ್ರೀರಾಮುಲು ಅವರ ಹೆಮ್ಮೆ. ಅದು ನಿಜವೂ ಹೌದು. ಆದದ್ದೆಲ್ಲ ಅದು ನಿಜವಾಗಿದ್ದರಿಂದಲೇ.

ಚಿಕ್ಕಬಳ್ಳಾಪುರದಲ್ಲಿ ನೆಂಟರ ಮದುವೆ. ಕಲ್ಯಾಣದುರ್ಗದಿಂದ ಮಗಳು ಹರಿತಾ, ಅಳಿಯ ತಿಪ್ಪೇಶ್, ಮೊಮ್ಮಗಳು ಬನಶ್ರೀ ಕಾರಿನಲ್ಲಿ ಬಂದಿದ್ದರು. ಊಟದ ಪಂಕ್ತಿಯಲ್ಲಿ ಬನಶ್ರೀ ತಾತನ ಪಕ್ಕದ ಎಲೆಗೆ ಕೂತು, ಸಾರಿನ ಕೈಯನ್ನೇ ಎತ್ತಿ ಕೇಳಿದಳು. "ತಾತಾ, ಫೋರ್‌ಗೆ ಫೋರ್ತ್ ಅಂತಾರೆ, ಸಿಕ್ಸ್‌ಗೆ ಸಿಕ್ಸ್ತ್ ಅಂತಾರೆ. ಒನ್‌ಗೆ ಯಾಕೆ ಫಸ್ಟ್? ಟೂಗೆ ಯಾಕೆ ಸೆಕೆಂಡ್?"

ಪಂಕ್ತಿ ಪೂರ್ತಿ ಕೈ ನಿಲ್ಲಿಸಿತು. ಗೊತ್ತಿಲ್ಲ ಅನ್ನುವ ಮಾತು ಶ್ರೀರಾಮುಲು ಬಾಯಿಂದ ಯಾರೂ ಕೇಳಿದ್ದಿಲ್ಲ. ಟ್ರಾನ್ಸ್‌ಫಾರ್ಮರು ಯಾಕೆ ಸುಟ್ಟಿತು, ಕೆಮ್ಮಿಗೆ ಯಾವ ಕಷಾಯ, ವೋಟಿನಲ್ಲಿ ಯಾರು ಗೆಲ್ಲುತ್ತಾರೆ, ಎಲ್ಲವನ್ನೂ ಅವರು ಹೇಳಿ ಕಳಿಸುವವರು. "ಉಣ್ಣು ಮೊದ್ಲು. ಅದು ದೊಡ್ಡ ವಿಷ್ಯ, ಆಮೇಲೆ ಹೇಳ್ತೀನಿ" ಅಂದರು. ಉಂಡು ಕೈ ತೊಳೆದವರೇ ಫೋನು ತೆಗೆದು, ತೆಲುಗಿನಲ್ಲಿ ಇಂಗ್ಲಿಷ್ ಕಲಿಸುವ ಒಬ್ಬ ಮೇಷ್ಟ್ರನ್ನು ಹುಡುಕಿ ಹಿಡಿದರು. ಫಸ್ಟು ಸೆಕೆಂಡುಗಳ ಹುಟ್ಟು ಬೆಳವಣಿಗೆಯ ಮೇಲೆ ಆ ಪುಣ್ಯಾತ್ಮರು ಸುದೀರ್ಘವಾಗಿ ಮಾತಾಡಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟುಗಳಲ್ಲಿ ಹೆಂಗಸರು, ಹಿಂದೆ ಗಂಡಸರು. ಶ್ರೀರಾಮುಲು ಕಿವಿಗೆ ವೈರು ಸಿಕ್ಕಿಸಿಕೊಂಡು ಮೇಷ್ಟ್ರ ಪಾಠ ಕೇಳುತ್ತ ಕೂತರು. ಕೊಡಿಕೊಂಡ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು. ಎಲ್ಲರೂ ಇಳಿದು ಟೀ ಕುಡಿದರು. ಬದನೆ ಬಣ್ಣದ ಸೀರೆಯಲ್ಲಿದ್ದ ಆದಿಲಕ್ಷ್ಮಮ್ಮ ಸೀಬೆಹಣ್ಣಿನ ಬುಟ್ಟಿಯ ಹತ್ತಿರ ನಿಂತರು. ಶ್ರೀರಾಮುಲು ಹತ್ತಿ ಕೂತು, ಮುಂದೆ ತಮ್ಮ ಮಗ್ಗದ ಬದನೆ ಬಣ್ಣದ ಸೀರೆ, ಗಿಳಿಹಸಿರು ಅಂಚು ಇರುವುದನ್ನು ಕಣ್ಣಲ್ಲೇ ನೋಡಿಕೊಂಡರು. ಕಂಡಕ್ಟರು ಎಲ್ಲರೂ ಬಂದರಾ ಅಂತ ಕೇಳಿದಾಗ ಬಸ್ಸಿಗೆಲ್ಲ ಯಜಮಾನರಾಗಿ "ಆಯ್ತು, ರೈಟ್" ಅಂದವರು ಇವರೇ. ಆ ಹಾಸಿನ ಸೀರೆಗಳನ್ನು ಅದೇ ಮದುವೆಗೆ ಅಂತ ನೆಂಟರಿಷ್ಟರಿಗೆಲ್ಲ ತಾವೇ ಮಾರಿದ್ದು ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ದಾರಿಯಲ್ಲಿ ಒಂದು ಮಜ್ಜಿಗೆ ಪಾಕೀಟು ಕೊಂಡು, ಕೈಯಿಂದ ಕೈಗೆ ಮುಂದಕ್ಕೆ ಕಳಿಸಿದರು. ಬದನೆ ಬಣ್ಣದ ಸೀರೆಯ ಆ ತಾಯಿ ಯಾರೋ, ಸುಮ್ಮನೆ ಕುಡಿದರು. ಬಾಯಾರಿಕೆಯಾಗಿತ್ತೇನೋ.

ಹಿಂದೂಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಚೀಲ ಹೆಗಲಿಗೆ ಹಾಕಿಕೊಂಡು ಎಂದಿನಂತೆ ಮುಂದೆ ನಡೆದರು. ಎಂದಿನಂತೆ ಮಾತಾಡಿದರು. ಎದುರು ಮನೆಯ ರಂಗಲಕ್ಷ್ಮಮ್ಮ ಜಗುಲಿಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಶ್ರೀರಾಮುಲು ಕೈ ಆಡಿಸಿಕೊಂಡು ಏನನ್ನೋ ವಿವರಿಸುತ್ತ ಹಾದುಹೋದರು. ಆಕೆ ಪದ್ಧತಿ ಪ್ರಕಾರ ಸೊಪ್ಪಿನ ಗಾಡಿಗೆ, ಆಟೋಗೆ, ಎಮ್ಮೆಗೆ ಕಾದರು. ಅವೆಲ್ಲ ಬಂದವು. ಆದಿಲಕ್ಷ್ಮಮ್ಮ ಬರಲಿಲ್ಲ.

ಅಷ್ಟರಲ್ಲಿ ಶ್ರೀರಾಮುಲು ಬೀಗ ತೆಗೆದು, ಒಳಗೆ ಹೋಗಿ, ಕುರ್ಚಿಯಲ್ಲಿ ಕೂತು, "ಏನೇ, ಒಂದ್ಲೋಟ ನೀರು ಕೊಡು" ಅಂದಿದ್ದರು. ನೀರು ಬರಲಿಲ್ಲ. ಇನ್ನೊಂದು ಸಲ ಅಂದರು. ಎದ್ದು ಬಾಗಿಲಿಗೆ ಬಂದು ನೋಡಿದರು. ಬೀದಿ ಖಾಲಿ. ಫೋನು ಹಚ್ಚಿದರು. ಅವರ ಹೆಗಲಿನ ಚೀಲದೊಳಗೇ ರಿಂಗಾಯಿತು. ಗಾಬರಿಯಲ್ಲಿ ಅವರು ಆ ಫೋನನ್ನು ತೆಗೆದು ಹಲೋ ಕೂಡ ಅಂದರು ಅಂತ ರಂಗಲಕ್ಷ್ಮಮ್ಮನವರ ಯಜಮಾನರು ವೆಂಕಟರಾಯಪ್ಪ ಈಗಲೂ ಆಣೆ ಮಾಡುತ್ತಾರೆ.

ಬೀದಿಯೇ ಸೇರಿತು. ವೆಂಕಟರಾಯಪ್ಪ ಶ್ರೀರಾಮುಲುವನ್ನು ಪೊಲೀಸ್ ಔಟ್‌ಪೋಸ್ಟಿಗೆ ಕರೆದುಕೊಂಡು ಹೋದರು. ಹೆಡ್ ಕಾನ್‌ಸ್ಟೇಬಲ್ ಮುತ್ಯಾಲಪ್ಪ ಒಳ್ಳೆಯ ಮನುಷ್ಯ. ಕೂರಿಸಿ ನೀರು ಕೊಟ್ಟು, "ಏಮಯ್ಯಾ, ಎಕ್ಕಡ ತಪ್ಪಿಪೋಯಿಂದಿ?" ಅಂತ, ಎಲ್ಲಿ ತಪ್ಪಿಸಿಕೊಂಡರು ಅಂತ ಕೇಳಿದರು. ತಪ್ಪಿಸಿಕೊಂಡೇ ಇಲ್ಲ, ಲೇಪಾಕ್ಷಿ ದಾಟುವವರೆಗೂ ಬಸ್ಸಿನಲ್ಲಿ ಇದ್ದಳು, ಹಾಸು ನಮ್ಮದೇ ಅಂತ ಶ್ರೀರಾಮುಲು ವಾದಿಸಿದರು. ಸೀರೆಯ ಬಣ್ಣ, ಅಂಚಿನ ಅಗಲ, ಸೆರಗಿನ ಬುಟ್ಟಾ ಎಲ್ಲ ಹೇಳಿದರು. ಮುತ್ಯಾಲಪ್ಪ ಬರೆದುಕೊಂಡು ಮುಖ ಹೇಗಿತ್ತು ಅಂತ ಕೇಳಿದರು. ಶ್ರೀರಾಮುಲು ಮತ್ತೆ ಸೆರಗಿನ ಬುಟ್ಟಾಕ್ಕೇ ಹೋದರು. ಫೋಟೋ ಆದರೂ ತೋರಿಸು ಅಂದರು. ಫೋನಿನಲ್ಲಿ ಫೋಟೋಗಳಿಗೇನು ಕಡಿಮೆ. ಪೆನುಕೊಂಡದ ಕೋಟೆಯ ಮುಂದೆ ಶ್ರೀರಾಮುಲು, ಅವರ ಹೆಗಲ ಹಿಂದೆ ಒಂದು ಕಣ್ಣು. ಮಗಳ ಮದುವೆಯಲ್ಲಿ ಶ್ರೀರಾಮುಲು, ಹಿಂದೆ ಒಂದು ಓಲೆ, ಅರ್ಧ ಕುಂಕುಮ. ಮುತ್ಯಾಲಪ್ಪ ಒಂದೊಂದನ್ನೂ ದೊಡ್ಡದು ಮಾಡಿ ನೋಡಿ, ಕೊನೆಗೆ ಫೋನು ವಾಪಸು ಕೊಟ್ಟರು. "ಇದರಲ್ಲಿ ನೀನೊಬ್ನೇ ಸಿಕ್ತೀಯ ಕಣಪ್ಪ. ನಿನ್ನನ್ನ ಹುಡುಕೋದಾದ್ರೆ ಸುಲಭ."

ಆ ಹೊತ್ತಿಗೆ, ರಂಗಲಕ್ಷ್ಮಮ್ಮ ಸುದ್ದಿ ಮುಟ್ಟಿಸಿದ್ದರಿಂದ, ಹರಿತಾಳ ಫೋನು ಬಂತು. ಅಮ್ಮ ಕಲ್ಯಾಣದುರ್ಗದಲ್ಲಿದ್ದಾರೆ. ತಮ್ಮ ಕಾರು ಅದೇ ಹೆದ್ದಾರಿಯಲ್ಲಿ ಹಿಂದಿನಿಂದ ಬಂದು ಟೀಗೆ ನಿಂತಾಗ, ಅಮ್ಮ ಸೆರಗಿನಲ್ಲಿ ಸೀಬೆಹಣ್ಣು ಕಟ್ಟಿಕೊಂಡು ರಸ್ತೆ ನೋಡುತ್ತ ನಿಂತಿದ್ದರಂತೆ. ತಾತ ಎಲ್ಲಿ ಅಂತ ಬನಶ್ರೀ ಕೇಳಿದ್ದಕ್ಕೆ, ತಾತ ಫಸ್ಟ್ ಹೋದರು ಅಂದರಂತೆ. ಅವರಿಗೆ ತಾವಾಗೇ ಗೊತ್ತಾಗಲಿ, ಅಲ್ಲಿವರೆಗೆ ಯಾರೂ ಫೋನು ಮಾಡಬೇಡಿ ಅಂತ ಆಣೆ ಹಾಕಿದ್ದರಂತೆ. ಶ್ರೀರಾಮುಲು ಅಮ್ಮನಿಗೆ ಕೊಡು ಅಂದರು. ಅಮ್ಮ ಬರಲಿಲ್ಲ. ಯಾವಾಗ ಬರ್ತಾಳಂತೆ ಅಂತ ಕೇಳಿದರು. ಹರಿತಾ ಒಂದು ಗಳಿಗೆ ಆ ಕಡೆ ತಿರುಗಿ, ಮತ್ತೆ ಈ ಕಡೆ ತಿರುಗಿ, "ಗೊತ್ತಿಲ್ಲ ಕಣಪ್ಪ" ಅಂದಳು.

ಬಾ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೆಂಡತಿಗೆ ಬಾ ಅಂತ ಕರೆದು ಅಭ್ಯಾಸವಿಲ್ಲದ ಮನುಷ್ಯ. ಹೊರಟರೆ ಹಿಂದೆ ಬರುತ್ತಿದ್ದರು, ಅಷ್ಟೆ.

ಮಾರನೆಯ ಸಂಜೆ ಬನಶ್ರೀ ವಿಡಿಯೋ ಕಾಲ್ ಮಾಡಿ, ತಾತಾ ನನ್ನ ಪ್ರಶ್ನೆ ಏನಾಯ್ತು ಅಂದಳು. ಶ್ರೀರಾಮುಲು ಮುಖ ತೊಳೆದು ಕೂತರು. ಮಗು ಕಾಣುತ್ತಿತ್ತು. ಮಗುವಿನ ಹಿಂದೆ ಗೋಡೆ ಕಾಣುತ್ತಿತ್ತು. ಕಾಣದ ಕಡೆಯಿಂದ ಯಾರೋ ಕಡಲೆಕಾಯಿ ಬಿಡಿಸುವ ಸದ್ದು ಕೇಳುತ್ತಿತ್ತು, ಚಟ್, ಚಟ್ ಅಂತ. ಅದು ಯಾರ ಕೈ ಅಂತ ಶ್ರೀರಾಮುಲುಗೆ ಗೊತ್ತು. ಹರಿತಾ ಬಿಡಿಸಿದರೆ ಅಷ್ಟು ಒಂದೇ ಸಮ ಬರುವುದಿಲ್ಲ.

ಅವತ್ತು ಅವರು ಹೇಳಿದ್ದು ಫಸ್ಟ್ ಒಂದೇ. ಅದು ಒನ್‌ನಿಂದ ಹುಟ್ಟಿದ್ದಲ್ಲ ಮಗಾ, ಹಣೆಗೆ ಫೋರ್‌ಹೆಡ್ ಅನ್ನುತ್ತಾರಲ್ಲ, ಆ ಫೋರ್ ಅಂದರೆ ನಾಲ್ಕಲ್ಲ, ಮುಂದು, ಎಲ್ಲಕ್ಕಿಂತ ಮುಂದಿರುವುದು ಫಸ್ಟ್ ಅಂತ ವಿವರಿಸಿದರು. ನಾವು ಕೂಡ ಒಂದನೇ ಮಗ ಅನ್ನಲ್ಲ, ಮೊದಲನೇ ಮಗ ಅಂತೀವಿ. ಮೊದಲು ಅಂದರೆ ಶುರು, ಅದರಲ್ಲಿ ಒಂದು ಎಲ್ಲಿದೆ ಹೇಳು ಅಂತ ತಮ್ಮ ಕಡೆಯಿಂದಲೂ ಸೇರಿಸಿದರು. ಮಗು ಸೆಕೆಂಡ್ ಹೇಳು ಅಂತು. ನಾಳೆ ಅಂದುಬಿಟ್ಟರು.

ಯಾಕೆ ಅಂದರೆ ಅವರು ಲೆಕ್ಕ ಹಾಕಿದ್ದರು. ಈ ಪದಗಳಲ್ಲಿ ಕಥೆ ಇರುವುದು ಮೊದಲ ಕೆಲವಕ್ಕೆ ಮಾತ್ರ. ಥರ್ಡ್ ಅನ್ನುವುದು ಹಿಂದೆ ಥ್ರಿಡ್ ಅಂತ ಇದ್ದು, ಜನರ ಬಾಯಲ್ಲಿ ಅಕ್ಷರ ಹಿಂದುಮುಂದಾಯಿತು ಅಂತ ಒಂದು ಸಂಜೆ ತಳ್ಳಬಹುದು. ಫೋರ್ತ್, ಸಿಕ್ಸ್ತ್‌ಗಳ ಕೊನೆಯ ಥ ಅನ್ನುವುದೂ ನಮ್ಮ ಚತುರ್ಥ, ಷಷ್ಠಗಳ ಕೊನೆಯೂ ಒಂದೇ ಮನೆತನ ಅಂತ ಇನ್ನೊಂದು ಸಂಜೆ. ಅದರ ಮೇಲೆ ಬರೀ ಸಾಲು, ಎಲ್ಲಕ್ಕೂ ಒಂದೇ ಬಾಲ, ಹೇಳುವುದಕ್ಕೆ ಏನೂ ಇಲ್ಲ. ಕಥೆ ಮುಗಿದರೆ ಕಾಲ್ ಮುಗಿಯಿತು. ಕಾಲ್ ಮುಗಿದರೆ ಆ ಚಟ್ ಚಟ್ ಮುಗಿಯಿತು.

ಹೀಗಾಗಿ ಫಸ್ಟನ್ನೇ ಎಳೆದರು. ಒಂದು ಸಂಜೆ ಫಸ್ಟ್ ಕ್ಲಾಸು, ಒಂದು ಸಂಜೆ ಫಸ್ಟ್ ಏಡು. ಅವರ ಜಗುಲಿಗೆ ಬೀದಿಯವರೂ ಬಂದು ಕೂರತೊಡಗಿದರು. ಪಾಠಕ್ಕೆ ಅಂತ ಬಂದವರು ಯಾರೂ ಇಲ್ಲ, ಆದಿಲಕ್ಷ್ಮಮ್ಮ ಇವತ್ತಾದರೂ ಮುಖ ತೋರಿಸುತ್ತಾರಾ ಅಂತ ನೋಡಲು ಬಂದವರು. ರಂಗಲಕ್ಷ್ಮಮ್ಮ ಫೋನಿನ ಹತ್ತಿರ ಬಗ್ಗಿ, ಆ ಕಡೆಗೆ ಕೇಳುವ ಹಾಗೆ, ನಿಮ್ಮ ಯಜಮಾನರು ಮೂರು ಹೊತ್ತೂ ಉಪ್ಪಿಟ್ಟೇ ತಿಂತಾ ಅವರೆ ಕಣಮ್ಮ ಅಂತ ಸಾರುತ್ತಿದ್ದರು. ಆ ಕಡೆಯಿಂದ ಚಟ್ ಚಟ್.

ಕೊನೆಗೆ ಬನಶ್ರೀ ಬೇಸತ್ತು ಇವತ್ತು ಸೆಕೆಂಡ್ ಹೇಳದಿದ್ದರೆ ಟೀಚರನ್ನೇ ಕೇಳುತ್ತೇನೆ ಅಂದಳು. ಬೇರೆ ದಾರಿಯಿಲ್ಲ. ಶ್ರೀರಾಮುಲು ಮೇಷ್ಟ್ರಿಂದ ಕೇಳಿದ್ದನ್ನು ಕೇಳಿದ ಹಾಗೆಯೇ, ಗಂಭೀರವಾಗಿ ಒಪ್ಪಿಸಿದರು.

"ಸೆಕೆಂಡ್ ಅನ್ನೋದು ಇಂಗ್ಲಿಷಿನ ಸ್ವಂತದ್ದಲ್ಲ ಮಗಾ, ಲ್ಯಾಟಿನ್ನಿಂದ ಬಂದಿದ್ದು. ಹಿಂದೆ ಬರೋದು ಅಂತ ಅದರ ಅರ್ಥ. ಫಸ್ಟ್ ಅಂದ್ರೆ ಮುಂದೆ ಹೋಗೋನು. ಸೆಕೆಂಡ್ ಅಂದ್ರೆ ಅವನ ಹಿಂದೆ ಬರೋಳು."

ಕಡಲೆಕಾಯಿ ಸದ್ದು ನಿಂತಿತು. ಜಗುಲಿಯವರೆಲ್ಲ ಫೋನಿನ ಮೇಲೆ ಬಗ್ಗಿದರು. ಪರದೆಯ ಮೂಲೆಯಲ್ಲಿ ಒಂದು ಕೈ, ಕೈಯಲ್ಲಿ ಹಸಿರು ಬಳೆ ಕಂಡಿತು. ಕಾಲ್ ಕಟ್ಟಾಯಿತು.

ಆಮೇಲೆ ಎಷ್ಟು ಮಾಡಿದರೂ ಆ ಕಡೆ ಎತ್ತಲಿಲ್ಲ. ಈ ಕಡೆ ನಮ್ಮ ಬೀದಿಯ ಹೆಂಗಸರು ಎತ್ತಿಕೊಂಡರು. ಇಂಗ್ಲಿಷಿನವರೂ ಹೀಗೇ ಹೇಳಿದ್ದಾರಾ ಅಂತ ಅವರಿಗೆ ಬಂದ ಸಿಟ್ಟಿಗೆ ಮಿತಿಯಿರಲಿಲ್ಲ. ಬೆಳಿಗ್ಗೆ ರಂಗಲಕ್ಷ್ಮಮ್ಮ ರೇಷನ್ ಅಂಗಡಿಗೆ ಹೊರಟವರು ವೆಂಕಟರಾಯಪ್ಪನವರನ್ನು ಬಾಗಿಲಲ್ಲೇ ತಡೆದು, ಇವತ್ತಿಂದ ನೀವು ಹಿಂದೆ ಬನ್ನಿ ಅಂದರು. ಅದನ್ನು ಕಂಡು ಇನ್ನಷ್ಟು ಮನೆಗಳಲ್ಲೂ ಹಾಗೇ ಆಯಿತು. ಒಂದು ವಾರ ನಮ್ಮ ಬೀದಿಯ ಗಂಡಸರು ಯಾವ ಬಾಗಿಲ ಮುಂದೆ ಬಂದರೂ ಯಾರು ಮೊದಲು ದಾಟಬೇಕು ಅಂತ ತಿಳಿಯದೆ ನಿಂತುಬಿಡುತ್ತಿದ್ದರು. ಒಬ್ಬರು ತಮ್ಮ ಮನೆಗೇ ಹೋಗಲಾರದೆ ಜಗುಲಿಯಲ್ಲಿ ಮಧ್ಯಾಹ್ನ ಕಳೆದರು.

ವೆಂಕಟರಾಯಪ್ಪನವರ ಗತಿ ಇನ್ನೂ ಕೆಟ್ಟಿತು. ಹೆಂಡತಿಯ ಹಿಂದೆ ನಡೆದವರು ಮೊದಲ ತಿರುವಿನಲ್ಲೇ ತಪ್ಪಿಸಿಕೊಂಡು, ಯಾರದೋ ಹಿಂದೆ ಕೋಳಿ ಅಂಗಡಿಯವರೆಗೆ ಹೋಗಿ ಬಂದರು. ಬಂದವರು ನೇರವಾಗಿ ಶ್ರೀರಾಮುಲು ಮನೆಗೆ ಬಂದು ಕುಸಿದು ಕೂತರು.

"ಹಿಂದೆ ಬರೋದು ಸುಲಭ ಅಂತ ತಿಳ್ಕಂಡಿದ್ದೆ ಕಣಯ್ಯ. ಅವಳು ಎಲ್ಲಿ ತಿರುಗ್ತಾಳೆ, ಎಲ್ಲಿ ನಿಂತ್ಕಂತಾಳೆ, ಒಂದು ಗಳಿಗೆ ಕಣ್ಣು ಆಚೆ ಈಚೆ ಆದ್ರೆ ಹೋದಂಗೇಯ. ಮುಂದೆ ಹೋಗೋನ್ಗೇನು, ದಾರಿ ನೋಡ್ಕಂಡು ಹೋಯ್ತಾನೆ. ಹಿಂದೆ ಬರೋರು ದಾರೀನೂ ನೋಡ್ಬೇಕು, ಮುಂದಿರೋನ್ನೂ ನೋಡ್ಬೇಕು. ನಂಗಂತೂ ಕಣ್ಣು ಕಿತ್ತೋದ್ವು."

ಶ್ರೀರಾಮುಲು ಉತ್ತರ ಕೊಡಲಿಲ್ಲ. ಉತ್ತರ ಕೊಡದ ಶ್ರೀರಾಮುಲುವನ್ನು ವೆಂಕಟರಾಯಪ್ಪ ಅದುವರೆಗೆ ನೋಡಿರಲಿಲ್ಲ. ಗಾಬರಿಯಾಗಿ ನೀರು ತಂದುಕೊಟ್ಟರು. ಮದುವೆಯಾದಂದಿನಿಂದ ತಮ್ಮ ಬೆನ್ನಿನ ಮೇಲೆ ಎರಡು ಕಣ್ಣು ಇದ್ದವು, ಈಗ ಇಲ್ಲ ಅನ್ನುವುದು ಶ್ರೀರಾಮುಲುಗೆ ಆಗ ತಾನೇ ಹೊಳೆದಿತ್ತು. ಅಂಗಡಿಗೆ ಹೋದರೂ ಬೆನ್ನು ತಣ್ಣಗೆ, ಮಗ್ಗಕ್ಕೆ ಕೂತರೂ ಬೆನ್ನು ತಣ್ಣಗೆ. ಬದನೆ ಬಣ್ಣದ ಅದೇ ಹಾಸಿನಲ್ಲಿ ಉಳಿದಿದ್ದ ಒಂದು ಸೀರೆಯನ್ನು ಗಿರಾಕಿಗೆ ತೆಗೆದು ತೋರಿಸಿ, ಅದು ಮಾರಾಟಕ್ಕಿಲ್ಲ ಅಂತ ತಾವೇ ಮತ್ತೆ ಮಡಿಸಿಟ್ಟರು.

ಆ ಸಂಜೆ ಕಾಲ್ ಬರಲಿಲ್ಲ. ಸುಮ್ಮನೆ ಕೂರಲಾರದೆ ಮೇಷ್ಟ್ರ ಪಾಠವನ್ನೇ ಹಚ್ಚಿದರು. ಆಗ ಗೊತ್ತಾಯಿತು, ಸೆಕೆಂಡಿನ ಕಥೆಯಲ್ಲಿ ಅವರು ಕೇಳಿದ್ದು ಅರ್ಧ ಮಾತ್ರ. ಬಸ್ಸು ಕೊಡಿಕೊಂಡ ಬಿಟ್ಟಾಗ ಸಿಗ್ನಲ್ ಹೋಗಿ, ಸಾಲೆಲ್ಲ ಮುಗಿಸಿ ಮತ್ತೆ ಸೆಕೆಂಡಿಗೇ ಬಂದಿದ್ದ ಮೇಷ್ಟ್ರು ಬಾಯಿ ತೆರೆದ ಹಾಗೇ ನಿಂತಿದ್ದರು. ಕಥೆ ಅಷ್ಟೇ ಅಂತ ಇವರು ಫೋನು ಜೇಬಿಗಿಟ್ಟಿದ್ದರು. ಉಳಿದ ಅರ್ಧವನ್ನು ಈಗ ಕೇಳಿದರು. ಕೇಳಿ ಎದ್ದು, ಉಪ್ಪಿಟ್ಟಿನ ಬಾಣಲೆಯನ್ನು ಒಲೆಯ ಮೇಲೇ ಬಿಟ್ಟು, ಬೆಳಿಗ್ಗೆ ಮೊದಲ ಬಸ್ಸಿಗೆ ಯಾವ ಅಂಗಿ ಅಂತ ನೋಡತೊಡಗಿದರು.

ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗ ಸೇರಿದಾಗ ಬಿಸಿಲೇರಿತ್ತು. ಅಳಿಯನ ಮನೆಯ ಅಂಗಳದಲ್ಲಿ ಆದಿಲಕ್ಷ್ಮಮ್ಮ ಮೊರ ಮುಂದಿಟ್ಟುಕೊಂಡು ಕಡಲೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಹರಿತಾ ಅಪ್ಪನಿಗೆ ಕಾಫಿ ಕೊಟ್ಟು, ಬನಶ್ರೀಯನ್ನು ಎಳೆದುಕೊಂಡು ಒಳಗೆ ಹೋಗಿ, ಕಿಟಕಿ ಬಿಟ್ಟು ಮಿಕ್ಕೆಲ್ಲ ಮುಚ್ಚಿದಳು. ಆಮೇಲೆ ನಡೆದದ್ದೆಲ್ಲ ನಮ್ಮ ಬೀದಿಗೆ ತಲುಪಿದ್ದು ಆ ಕಿಟಕಿಯಿಂದಲೇ.

ಶ್ರೀರಾಮುಲು ಮೊರದ ಈ ಕಡೆ ಕೂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದರು. ಸೆಕೆಂಡ್ ಅನ್ನುವುದು ಇಂಗ್ಲಿಷಿಗೆ ಆಮೇಲೆ ಬಂದ ಮಾತು. ಅದಕ್ಕೂ ಮುಂಚೆ ಅವರಲ್ಲಿ ಎರಡನೆಯದಕ್ಕೆ ಇದ್ದ ಮಾತು ಅದರ್, ಅಂದರೆ ಇನ್ನೊಂದು, ಇನ್ನೊಬ್ಬರು. ಒಬ್ಬರು, ಇನ್ನೊಬ್ಬರು, ಅಷ್ಟೆ. ಹಿಂದೆ ಬರುವುದು ಅಂತ ಅದರಲ್ಲಿ ಇಲ್ಲವೇ ಇಲ್ಲ.

"ಇಂಗ್ಲಿಷಿನೋರ್ದು ಅವ್ರ ಮನೇಲಿರ್ಲಿ" ಅಂದರು ಆದಿಲಕ್ಷ್ಮಮ್ಮ. "ಬಸ್‌ಸ್ಟ್ಯಾಂಡಿಂದ ಮನೇಗಂಟ ಒಬ್ರೇ ಮಾತಾಡ್ಕಂಡು ಹೋದ್ರಂತೆ. ರಂಗಲಕ್ಷ್ಮಮ್ಮ ಫೋನ್ ಮಾಡಿದ್ಲು. ಏನು ಮಾತಾಡಿದ್ರಿ?"

ಈ ಪ್ರಶ್ನೆ ಮೇಷ್ಟ್ರ ಪಾಠದ್ದಲ್ಲ. ಶ್ರೀರಾಮುಲು ನೆನಪು ಮಾಡಿಕೊಂಡರು. ಮದುವೆಯ ಪಾಯಸ ತಳ ಹಿಡಿದಿತ್ತು ಅಂದಿದ್ದರಂತೆ.

"ತಳ ಹಿಡಿದಿರ್ಲಿಲ್ಲ. ಬೆಲ್ಲ ಹಳೇದು" ಅಂದರು ಆದಿಲಕ್ಷ್ಮಮ್ಮ.

ಗಂಡಿನ ಸೋದರಮಾವ ನನ್ನನ್ನು ಮಾತಾಡಿಸಲಿಲ್ಲ ಅಂದಿದ್ದರಂತೆ. ಅವರಿಗೆ ಕಣ್ಣಿನ ಆಪರೇಷನ್ ಆಗಿದೆ, ಯಾರನ್ನೂ ಗುರುತು ಹಿಡಿಯಲಿಲ್ಲ ಅಂದರು ಆಕೆ. ಮಂಡಿ ನೋವು ಅಂದಿದ್ದರಂತೆ. ಎಣ್ಣೆ ಸೀಸೆ ಅಕ್ಕಿ ಡಬ್ಬದ ಹಿಂದೆ ಇದೆ, ನಿಮ್ಮ ಕಣ್ಣಿಗೆ ಬೀಳಲ್ಲ ಅಂದರು. ಹೀಗೆ ಹಿಂದೂಪುರದ ಬೀದಿಯಲ್ಲಿ ಗಾಳಿಗೆ ಆಡಿದ ಒಂದೊಂದು ಮಾತಿಗೂ ಕಲ್ಯಾಣದುರ್ಗದ ಅಂಗಳದಲ್ಲಿ ಸಾಲಾಗಿ ಉತ್ತರ ಬಂತು. ಕಡಲೆಕಾಯಿ ಚಟ್ ಚಟ್ ಅನ್ನುತ್ತಲೇ ಇತ್ತು. ಕೊನೆಗೆ ಶ್ರೀರಾಮುಲು ತಡವರಿಸಿದರು.

"ನಮ್ ಬೀದಿ ತಿರುವಿನಲ್ಲಿ ಇನ್ನೊಂದು ಮಾತು ಅಂದೆ. ಬದನೆ ಬಣ್ಣದ ಸೀರೇಲಿ ಚೆನ್ನಾಗಿ ಕಾಣ್ತಿದ್ದೆ ಕಣೆ ಅಂತ."

ಸದ್ದು ನಿಂತಿತು. "ಯಾರ್ಗಂದ್ರಿ? ಮಜ್ಜಿಗೆ ಕುಡ್ದೋಳ್ಗಾ?"

"ನಿಂಗೇ ಕಣೆ."

"ನಾನಿರ್ಲಿಲ್ವಲ್ಲ ಅಲ್ಲಿ."

"ಅದಕ್ಕೇ ಹೇಳಕ್ಕಾಯ್ತು" ಅಂದರು ಶ್ರೀರಾಮುಲು. ಒಂದು ಕಡಲೆಕಾಯಿ ತೆಗೆದುಕೊಂಡರು. ಅದು ಒಡೆಯಲಿಲ್ಲ. "ಮನೇಗೆ ಬಾ" ಅಂದರು.

ಆದಿಲಕ್ಷ್ಮಮ್ಮ ಅವರ ಕೈಯಿಂದ ಆ ಕಾಯಿ ತೆಗೆದುಕೊಂಡು, ಒಡೆದು, ಕಾಳನ್ನು ಮತ್ತೆ ಅವರ ಕೈಗೆ ಹಾಕಿದರು. ಒಳಗೆ ಹೋಗಿ ಚೀಲ ತಂದರು. ಚೀಲ ಬೆಳಿಗ್ಗೆಯಿಂದಲೇ ಕಟ್ಟಿಟ್ಟಿತ್ತು ಅಂತ ಬನಶ್ರೀ ಆಮೇಲೆ ಎಲ್ಲರಿಗೂ ಹೇಳಿದಳು.

ವಾಪಸು ಬರುವಾಗ ಶ್ರೀರಾಮುಲುಗೆ ಹಿಂದಿನ ಸೀಟು ಸಿಕ್ಕಿತ್ತು. ಆದರೆ ಅವರು ಈಗ ಯಾವ ಸೀರೆಯನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಪ್ರತಿ ಸ್ಟಾಪಿನಲ್ಲೂ ಎದ್ದು ಮುಂದೆ ಹೋಗಿ ಮುಖ ನೋಡಿ ಬರತೊಡಗಿದರು. ರೊದ್ದಂ ಕಡೆಯ ಹೆಂಗಸರು ಯಾರೋ ಈ ಮುದುಕನಿಗೆ ಏನಾಗಿದೆ ಅಂತ ಕೇಳಿದರು. ಕಂಡಕ್ಟರು ಕೂತುಕೊಳ್ಳಿ ಅಂತ ಎರಡು ಸಲ ಗದರಿಸಿದರು. ಕೊನೆಗೆ ಸೀಟು ಬಿಟ್ಟುಕೊಟ್ಟು, ಹೆಂಡತಿಯ ಪಕ್ಕದ ಕಂಬಿ ಹಿಡಿದುಕೊಂಡು, ಮಂಡಿ ನೋವಿನಲ್ಲೇ ಹಿಂದೂಪುರದವರೆಗೆ ನಿಂತು ಬಂದರು. ಆದಿಲಕ್ಷ್ಮಮ್ಮ ಕಿಟಕಿಯಾಚೆ ನೋಡುತ್ತಿದ್ದರು. ಒಂದು ಕೈ ಮಾತ್ರ ಚೀಲದೊಳಗೆ ಇಟ್ಟು, ಸೀಬೆಹಣ್ಣು ತೆಗೆದು, ತಿರುಗದೆಯೇ ಅವರ ಕಡೆ ಚಾಚಿದರು.

ಸಂಜೆ ನಾವೆಲ್ಲ ಜಗುಲಿಗಳಲ್ಲಿ ಕಾದು ಕೂತಿದ್ದೆವು. ಯಾರು ಮುಂದೆ, ಯಾರು ಹಿಂದೆ ಅನ್ನುವುದರ ಮೇಲೆ ಬೀದಿಯ ಮುಂದಿನ ಕಾನೂನು ನಿಂತಿತ್ತು. ತಿರುವಿನಲ್ಲಿ ಮೊದಲು ಸೊಪ್ಪಿನ ಗಾಡಿ ಬಂತು, ಆಮೇಲೆ ಎಮ್ಮೆ. ಅದರ ಹಿಂದೆ ಇಬ್ಬರೂ ಒಟ್ಟಿಗೇ, ಬೀದಿಯ ಅಗಲವನ್ನೆಲ್ಲ ಹಿಡಿದುಕೊಂಡು ಬಂದರು. ಅವರ ಹಿಂದೆ ಒಂದು ಆಟೋ ಹಾರ್ನು ಬಾರಿಸುತ್ತ ತೆವಳುತ್ತಿತ್ತು. ಶ್ರೀರಾಮುಲುಗೆ ಅದು ಕೇಳಿಸುತ್ತಿರಲಿಲ್ಲ. ಎರಡು ಹೆಜ್ಜೆಗೊಮ್ಮೆ ಪಕ್ಕಕ್ಕೆ ತಿರುಗುವುದು, ಮುಖ ನೋಡುವುದು, ಮತ್ತೆ ತಿರುಗುವುದು. ಹಾಗೆ ತಿರುಗಿದ ಒಂದು ಹೊತ್ತಿನಲ್ಲಿ ಎಮ್ಮೆ ಬಿಟ್ಟುಹೋದದ್ದರ ಮೇಲೆ ಕಾಲಿಟ್ಟೇ ಬಿಟ್ಟರು.

ಆದಿಲಕ್ಷ್ಮಮ್ಮ ಅವರ ತೋಳು ಹಿಡಿದು ಈಚೆಗೆ ಎಳೆದುಕೊಂಡರು. ಬೀದಿಗೆಲ್ಲ ಕೇಳುವ ಹಾಗೆ ಅಂದರು.

"ಮುಂದೆ ನೋಡ್ಕಂಡು ನಡೀರಿ."